ಪೆಡಲಿನಲ್ಲಿ ಸಿಕ್ಕ ದಾರ

ಮನೆ, ಹೊಲಿಗೆ ಕೋಣೆ
ಮಂಗಳವಾರ, ನವೆಂಬರ್ 5, ಬೆಳಗ್ಗೆ ಒಂಬತ್ತೂವರೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕಳೆದ ಸಲ ಫೋನಿನಲ್ಲಿ ನಿನ್ನ ದನಿ ಕಟ್ಟಿಕೊಂಡ ಹಾಗಿತ್ತು. ಎಂಜಿನ್ ಕೋಣೆಯ ಸೆಕೆಯಿಂದ ನೇರ ಮೇಲೆ ಬಂದು ಸಮುದ್ರದ ಗಾಳಿಗೆ ನಿಂತುಬಿಡುತ್ತೀಯ, ನನಗೆ ಗೊತ್ತಿಲ್ಲವೇ. ಕುತ್ತಿಗೆಗೆ ಏನಾದರೂ ಸುತ್ತಿಕೊಂಡು ನಿಲ್ಲು. ಮೊಣಕೈ ಕೆಳಗೆ ಸುಟ್ಟಿದ್ದು ವಾಸಿಯಾಯಿತೇ? ಬಿಸಿ ಪೈಪು ಯಾವಾಗ ತಾಗಿತೋ ಗೊತ್ತೇ ಆಗಲಿಲ್ಲ ಎಂದು ನಕ್ಕೆ. ಸುಟ್ಟಿದ್ದು ಗೊತ್ತಾಗದಷ್ಟು ಕೆಲಸವೇನಮ್ಮ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಫೋನು ಕಟ್ಟಾಯಿತು. ಮುಲಾಮು ಹಚ್ಚುತ್ತಿದ್ದೀಯ ತಾನೇ?

ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಕಂಡರೆ ಮೊಣಕಾಲು ಮುನಿಸಿಕೊಳ್ಳುತ್ತದೆ, ಅಷ್ಟೇ. ಆಸ್ಪತ್ರೆಯವರ ನಲವತ್ತು ಪರದೆಗಳಿಗೆ ಅಂಚು ಹೊಲಿಯುವುದು ಬಾಕಿಯಿದೆ. ಫೋನು ಬಿಟ್ಟು ಕಾಗದ ಏಕೆ ಎಂದು ಕೇಳುತ್ತೀಯ. ಹಡಗಿನಿಂದ ನೀನು ಫೋನು ಮಾಡುವುದೇ ಹದಿನೈದು ದಿನಕ್ಕೊಮ್ಮೆ. ಮಾಡಿದಾಗ ನಿಮ್ಮಪ್ಪ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತಾರೆ. ಅಪ್ಪ ಮಗಳು ಟೈರು, ಬ್ರೇಕು ಎಂದು ಲೋಕ ಮರೆತು ಮಾತಾಡಿ, ಕೊನೆಯ ಅರ್ಧ ನಿಮಿಷ ನನಗೆ ಭಿಕ್ಷೆ ಹಾಕುತ್ತೀರಿ. ಇದು ಅರ್ಧ ನಿಮಿಷದಲ್ಲಿ ಹೇಳುವ ಸುದ್ದಿಯಲ್ಲ, ಅವರ ಎದುರಿಗೆ ಹೇಳುವುದೂ ಅಲ್ಲ. ನಿಮ್ಮ ಕಂಪನಿಯ ಕಚೇರಿಗೆ ಇವತ್ತು ಮಧ್ಯಾಹ್ನದೊಳಗೆ ಕೊಟ್ಟರೆ, ನಿನ್ನ ಹಡಗು ಮುಂದೆ ನಿಲ್ಲುವ ಬಂದರಿಗೆ ಹೋಗುವ ಚೀಲದಲ್ಲಿ ಸೇರಿಸುತ್ತಾರಂತೆ. ಮೊದಲೇ ಹೇಳಿಬಿಡುತ್ತೇನೆ, ಅಪ್ಪ ಮನೆಯಲ್ಲೇ ಇದ್ದಾರೆ, ಮೈಮೇಲೆ ಒಂದು ಗೀರೂ ಇಲ್ಲ, ಹೆದರಬೇಡ.

ಹಡಗು ಹತ್ತುವ ಮುಂಚೆ ಕಂಪ್ಯೂಟರ್ ರೇಸಿನ ನಿನ್ನ ಸೀಟನ್ನು ಅಪ್ಪನಿಗೆ ಬಿಟ್ಟುಕೊಟ್ಟೆಯಲ್ಲ, ಆವತ್ತಿನಿಂದ ಈ ಕೋಣೆ ನನ್ನದಾಗಿ ಉಳಿದಿಲ್ಲ. ಒಂದು ಮೂಲೆಯಲ್ಲಿ ನನ್ನ ಹೊಲಿಗೆ ಯಂತ್ರ, ಇನ್ನೊಂದು ಮೂಲೆಯಲ್ಲಿ ಹಳೇ ಮಂಚದ ಕಬ್ಬಿಣಕ್ಕೆ ನೀನು ಬೋಲ್ಟು ಬಿಗಿದು ನಿಲ್ಲಿಸಿದ ಸ್ಟಿಯರಿಂಗು, ಪೆಡಲು, ಕಂಪ್ಯೂಟರ್ ಪರದೆ. ಇಪ್ಪತ್ತನಾಲ್ಕು ಜನ ಇಪ್ಪತ್ತನಾಲ್ಕು ಮನೆಗಳಲ್ಲಿ ಕೂತು, ಇಂಟರ್ನೆಟ್ಟಿನಲ್ಲಿ ಒಂದೇ ಟ್ರ್ಯಾಕಿಗೆ ಇಳಿದು, ನಾಲ್ಕು ಬಾಗಿಲಿನ ಮಾಮೂಲಿ ಕಾರುಗಳನ್ನು ಒಂದಕ್ಕೊಂದು ಉಜ್ಜಿಕೊಂಡು ಓಡಿಸುವ ಈ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ಪಿಗೆ ನಾನು ಎಷ್ಟು ನಕ್ಕಿದ್ದೆ. ಇಪ್ಪತ್ತೆಂಟು ವರ್ಷ ಊರೊಳಗೆ ಬಸ್ಸು ಓಡಿಸಿದ ಮನುಷ್ಯ ರಜೆಯ ದಿನವೂ ಸ್ಟಿಯರಿಂಗ್ ಹಿಡಿಯಬೇಕೇ ಎಂದಿದ್ದೆ. ಆದರೆ ವಾರಕ್ಕೊಂದು ಸುತ್ತಿನಂತೆ ಎಂಟು ಭಾನುವಾರ ಮಧ್ಯಾಹ್ನ ಮೂರಕ್ಕೆ ಅವರ ಹಿಂದೆ ಸ್ಟೂಲು ಹಾಕಿಕೊಂಡು ಕೂತವಳೂ ನಾನೇ. ನೀನು ಕಲಿಸಿ ಹೋದ ಹಾಗೆ, ಪ್ರತಿ ಸುತ್ತು ಮುಗಿದ ಮೇಲೆ ರೆಕಾರ್ಡಿಂಗ್ ಹಾಕಿ ಮೂರು ಗೆರೆ ನೋಡುತ್ತಿದ್ದೆ: ಹಸಿರು ಆಕ್ಸಿಲರೇಟರು, ಕೆಂಪು ಬ್ರೇಕು, ನೀಲಿ ಸ್ಟಿಯರಿಂಗು. ನಲವತ್ತು ವರ್ಷ ಹೊಲಿಗೆ ನೋಡಿದ ಕಣ್ಣಿಗೆ ಗೆರೆ ಓದುವುದು ಕಷ್ಟವಾಗಲಿಲ್ಲ.

ಮೊದಲ ಸುತ್ತಿನಲ್ಲಿ ಅಪ್ಪ ಬ್ರೇಕನ್ನು ಎಷ್ಟು ಮೆತ್ತಗೆ ಒತ್ತಿದರೆಂದರೆ ಹತ್ತು ಕಾರುಗಳು ದಾಟಿಹೋದವು. ಏಕೆ ಹೀಗೆ ಎಂದರೆ, "ಅಭ್ಯಾಸ ಕಣೆ, ನಿಂತವ್ರು ಬಿದ್ದುಬಿಡ್ತಾರೆ" ಅಂದರು. ಜೊತೆಗೆ ಓಡಿಸುವ ಲೀಗಿನ ಹುಡುಗರು ಅವರಿಗೆ ಬಸ್ಸಣ್ಣ ಎಂದು ಹೆಸರಿಟ್ಟರು. ಮೂರನೆಯ ಸುತ್ತಿನಲ್ಲಿ ಪರದೆಯ ಮೇಲೆ ಜೋರು ಮಳೆ. ಅವಸರದ ಹುಡುಗರೆಲ್ಲ ಜಾರಿ ಮಣ್ಣಿಗೆ ಬಿದ್ದರು, ಬಸ್ಸಣ್ಣ ಮಾತ್ರ ಗೆರೆ ತಪ್ಪದೆ ಓಡಿಸಿ ಗೆದ್ದುಬಿಟ್ಟರು. ಗೆದ್ದವರ ಕಾರಿಗೆ ಮುಂದಿನ ಸುತ್ತಿನಲ್ಲಿ ತೂಕ ಹೇರುತ್ತೀರಲ್ಲ, ಅರವತ್ತು ಕೆಜಿ ಎಂದು ಪತ್ರ ಬಂದಾಗ ಎಷ್ಟು ಹಿಗ್ಗಿದರು. "ಅರವತ್ತು ಕೆಜಿ ಅಂದ್ರೆ ಒಬ್ಬ ಪ್ಯಾಸೆಂಜರು. ನಾನು ಎಂಬತ್ತು ಜನರನ್ನ ಹೊತ್ತವನು" ಎಂದು ಡಿಪೋದಲ್ಲೆಲ್ಲ ಹೇಳಿಕೊಂಡು ಬಂದರು. ಆ ವಾರ ನಮ್ಮ ಮನೆಯಲ್ಲಿ ನಗುವೋ ನಗು.

ನಾಲ್ಕನೆಯ ಸುತ್ತಿನಲ್ಲಿ, ಉದ್ದನೆಯ ನೇರ ರಸ್ತೆ ಮುಗಿದು ಬಲಕ್ಕೆ ತಿರುಗುವ ಜಾಗದಲ್ಲಿ, ಅಪ್ಪನ ಕಾರು ತಿರುಗಲೇ ಇಲ್ಲ. ಬ್ರೇಕು ಇಲ್ಲ, ತಿರುವು ಇಲ್ಲ, ನೇರ ಹೋಗಿ ಗೋಡೆಗೆ ಬಡಿಯಿತು. ಅಪ್ಪ ಪರದೆಯಲ್ಲಿ ಏನನ್ನೋ ಹುಡುಕುವ ಹಾಗೆ ನೋಡಿ, "ನೆಟ್‌ವರ್ಕ್ ಹೋಯ್ತು" ಅಂದರು. ಹೋದ ವರ್ಷದ ನಿನ್ನ ಐದನೆಯ ಸುತ್ತು ನೆನಪಾಗಿ ನಾನೂ ಹೌದೆಂದೆ. ಆವತ್ತು ನೀನೂ ಹೀಗೇ ಗೋಡೆಗೆ ಹೋಗಿದ್ದೆ, ಅಪ್ಪ ಇಂಟರ್ನೆಟ್ ಕಂಪನಿಯವರ ಜೊತೆ ಫೋನಿನಲ್ಲಿ ಒಂದು ಗಂಟೆ ಜಗಳವಾಡಿದ್ದರು, ಅದನ್ನು ಹೇಳಿಕೊಂಡು ನಾವು ತಿಂಗಳುಗಟ್ಟಲೆ ನಕ್ಕಿದ್ದೆವು. ಸರಿ, ಹೊಸ ಕೇಬಲ್ ತಂದು ಹಾಕಿಸಿದೆ. ಐದನೆಯ ಸುತ್ತಿನಲ್ಲಿ ಮತ್ತೆ ಅದೇ. ಈ ಸಲ ಮುಂದಿದ್ದ ಕಾರಿಗೆ ಹಿಂದಿನಿಂದ ಗುದ್ದಿ ಅದನ್ನೂ ಹಾಳುಮಾಡಿದರು, ಲೀಗಿನಿಂದ ದಂಡದ ಅಂಕ ಬಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕೇಬಲ್ ಬಿಟ್ಟು ಪೆಡಲಿಗೆ ಗಂಟುಬಿದ್ದೆ.

ಪೆಡಲು ಎಂದರೆ ನನಗೆ ತಿಳಿಯದ್ದೇನಿದೆ? ಸ್ಕ್ರೂ ಬಿಚ್ಚಿ ನೋಡಿದರೆ ಬ್ರೇಕಿನ ಸ್ಪ್ರಿಂಗಿಗೆ ದಾರ ಸುತ್ತಿಕೊಂಡಿತ್ತು. ನನ್ನದೇ ನೀಲಿ ದಾರ, ಆಸ್ಪತ್ರೆಯವರ ಪರದೆಯದ್ದು. ಒಂದೇ ಕೋಣೆಯಲ್ಲಿ ಹೊಲಿಗೆಯೂ ರೇಸೂ ನಡೆದರೆ ಇನ್ನೇನಾದೀತು. ಸೂಜಿಯಿಂದ ಬಿಡಿಸಿ ಅಪ್ಪನ ಮುಂದೆ ಹಿಡಿದು, ಕಳ್ಳ ಸಿಕ್ಕ ಅಂದೆ. ಅವರ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಆ ದಾರವನ್ನು ಬೆರಳಿಗೆ ಸುತ್ತಿಕೊಂಡು, "ನೋಡು, ನಾನು ಸುಮ್ನೆ ಏನೇನೋ ಅಂದ್ಕೊಂಡಿದ್ದೆ" ಅಂದರು. ಏನಂದುಕೊಂಡಿದ್ದಿರಿ ಎಂದು ನಾನು ಕೇಳಲಿಲ್ಲ, ಮಗಳೇ. ಅದೊಂದು ಮಾತು ಆವತ್ತೇ ಕೇಳಿದ್ದರೆ ಎರಡು ವಾರ ಉಳಿಯುತ್ತಿತ್ತು. ಎರಡು ಗೇಣು ದಾರದಿಂದ ಬ್ರೇಕು ಕೆಡಬಹುದು, ಸ್ಟಿಯರಿಂಗು ಹೇಗೆ ಕೆಟ್ಟೀತು ಎಂಬುದೂ ಹೊಳೆಯಲಿಲ್ಲ. ಆರನೆಯ ಸುತ್ತು ಯಾವ ತೊಂದರೆಯೂ ಇಲ್ಲದೆ ಮುಗಿದು ಏಳನೆಯ ಸ್ಥಾನ ಬಂತು. ನಾನು ನೆರೆಯವರಿಗೆಲ್ಲ ನನ್ನ ರಿಪೇರಿಯ ಬಡಾಯಿ ಕೊಚ್ಚಿಕೊಂಡೆ.

ಏಳನೆಯ ಸುತ್ತಿನ ದಿನ ಬೆಳಕು ಸಾಲದೆ ನಾನು ಸ್ಟೂಲನ್ನು ಕಿಟಕಿಯ ಕಡೆಗೆ ಎಳೆದುಕೊಂಡಿದ್ದೆ. ಅಲ್ಲಿಂದ ಪರದೆ ಕಾಣುವುದಿಲ್ಲ, ಅಪ್ಪನ ಮುಖ ಕಾಣುತ್ತದೆ. ಗುಂಡಿ ಹೊಲಿಯುತ್ತಾ ತಲೆ ಎತ್ತಿದೆ. ಅವರ ಕಣ್ಣು ತೆರೆದೇ ಇತ್ತು. ತುಟಿ ಏನನ್ನೋ ಚಪ್ಪರಿಸುವ ಹಾಗೆ ಆಡುತ್ತಿತ್ತು. ಬಲಗೈ ಸ್ಟಿಯರಿಂಗು ಬಿಟ್ಟು ಅಂಗಿಯ ಗುಂಡಿಯನ್ನು ಉಜ್ಜುತ್ತಿತ್ತು, ಉಜ್ಜುತ್ತಲೇ ಇತ್ತು. ರೀ ಅಂದೆ. ಇಲ್ಲ. ಮತ್ತೆ ರೀ ಅಂದೆ. ಸ್ಪೀಕರಿನಲ್ಲಿ ಕಾರು ಬಡಿದ ಸದ್ದು ಬಂತು, ಆಮೇಲೆ ಅವರು ನನ್ನ ಕಡೆ ತಿರುಗಿ "ಏನಂದೆ?" ಎಂದರು. ಏನಿಲ್ಲ ಅಂದೆ. ಅದೇ ಮಧ್ಯಾಹ್ನ ಇನ್ನೊಂದು ಸಲ ಆಯಿತು. ಅವರು ಸ್ನಾನಕ್ಕೆ ಹೋದ ಮೇಲೆ ರೆಕಾರ್ಡಿಂಗ್ ಹಾಕಿ ನೋಡಿದೆ. ನೇರ ರಸ್ತೆಯಲ್ಲೂ ಮನುಷ್ಯನ ಕೈ ಸುಮ್ಮನಿರುವುದಿಲ್ಲ, ನೀಲಿ ಗೆರೆ ಸಣ್ಣಗೆ ನಡುಗುತ್ತಲೇ ಇರುತ್ತದೆ. ಅಲ್ಲಿ ನಾಲ್ಕು ಸೆಕೆಂಡು ಮೂರು ಗೆರೆಗಳೂ ಸ್ಕೇಲು ಇಟ್ಟು ಎಳೆದ ಹಾಗಿದ್ದವು.

ಮಾರನೆಯ ದಿನ ಲೀಗಿನ ತೀರ್ಪುಗಾರರು ಫೋನು ಮಾಡಿದರು, ಅದೇ ನಿಮ್ಮ ಹಲ್ಲಿನ ಡಾಕ್ಟರು. ಒಳ್ಳೆಯ ಮನುಷ್ಯ, ದಂಡ ಹಾಕುವಾಗಲೂ ದನಿ ಏರಿಸುವುದಿಲ್ಲ. ನೆಟ್‌ವರ್ಕ್ ತೊಂದರೆ ಡಾಕ್ಟರೇ ಎಂದು ನಾನು ಶುರುಮಾಡಿದೆ. ಅವರು ಹೇಳಿದರು: "ನೆಟ್‌ವರ್ಕ್ ಹೋದ್ರೆ ಲೀಗಿನ ರೆಕಾರ್ಡಿಂಗಲ್ಲಿ ಕಾರು ಮಿನುಗುತ್ತಮ್ಮ, ಜಿಗಿಯುತ್ತೆ, ಮಾಯ ಆಗುತ್ತೆ. ಇಲ್ಲಿ ಕಾರು ಇತ್ತು. ಓಡಿಸೋರು ಇರ್ಲಿಲ್ಲ." ಆಮೇಲೆ, ಯಜಮಾನರು ಏನು ಕೆಲಸ ಮಾಡುತ್ತಾರೆ, ತಲೆಯ ನರದ ಡಾಕ್ಟರಿಗೆ ಬೇಗ ತೋರಿಸಿ, ಅಲ್ಲಿಯವರೆಗೆ ಗಾಡಿ ಓಡಿಸಲು ಬಿಡಬೇಡಿ ಎಂದರು. ನಾನು ರಿಟೈರ್ ಆಗಿದ್ದಾರೆ ಎಂದುಬಿಟ್ಟೆ. ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಅವರು ನಿಟ್ಟುಸಿರು ಬಿಟ್ಟು, ಸದ್ಯ, ಅಂದರು. ಆ ಹೊತ್ತಿಗೆ ನಿಮ್ಮಪ್ಪ ಜನ ತುಂಬಿದ ಬಸ್ಸನ್ನು ಸೇತುವೆಯ ಮೇಲೆ ಓಡಿಸುತ್ತಿದ್ದರು.

ಈಗ ನನ್ನ ತಪ್ಪು ಬರೆಯುತ್ತೇನೆ, ಓದಿ ನೀನು ಏನೆಂದುಕೊಂಡರೂ ಸರಿ. ಅವತ್ತು ಸೋಮವಾರ. ಡಿಪೋದವರಿಗೆ ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದರೆ ಸ್ಟಿಯರಿಂಗು ಕಸಿದುಕೊಳ್ಳುತ್ತಾರೆ, ಸ್ಟಿಯರಿಂಗು ಇಲ್ಲದ ನಿಮ್ಮಪ್ಪನನ್ನು ನಾನು ಇವತ್ತಿನವರೆಗೆ ನೋಡಿಯೇ ಇಲ್ಲ. ಹೇಳುವ ಬದಲು, ಮಂಗಳವಾರದಿಂದ ನಾನೇ ಅವರ ಬಸ್ಸು ಹತ್ತಿದೆ. ಹೊಲಿಗೆಯ ಚೀಲ ಹಿಡಿದುಕೊಂಡು ಡ್ರೈವರ್ ಸೀಟಿನ ಹಿಂದಿನ ಕಂಬಕ್ಕೆ ಒರಗಿ ನಿಂತು, ಕನ್ನಡಿಯಲ್ಲಿ ಅವರ ತುಟಿ ನೋಡುತ್ತಾ ಹೋದೆ, ಬಂದೆ. ದಿನಕ್ಕೆ ಆರು ಟ್ರಿಪ್ಪು. ಕಂಡಕ್ಟರು, "ಏನಕ್ಕ, ಈ ವಯಸ್ಸಲ್ಲಿ ಅನುಮಾನನಾ?" ಎಂದು ರೇಗಿಸಿದ. ಅಪ್ಪ ನಾಚಿಕೊಂಡು ನಕ್ಕರು. ನಾನೂ ನಕ್ಕು, ಮತ್ತೆ ಕನ್ನಡಿಯತ್ತ ಕಣ್ಣು ಹಾಕಿದೆ. ಸೇತುವೆ ಬಂದಾಗಲೆಲ್ಲ ಸೆಕೆಂಡು ಎಣಿಸುತ್ತಿದ್ದೆ. ಶಾಲೆಯ ಸ್ಟಾಪಿನಲ್ಲಿ ಮಕ್ಕಳು ಹತ್ತುವಾಗ ಇಳಿಯಿರಿ ಎಂದು ಕಿರುಚಬೇಕು ಅನ್ನಿಸುತ್ತಿತ್ತು. ನನಗೆ ಬ್ರೇಕು ಸಿಗುವುದಿಲ್ಲ, ಸ್ಟಿಯರಿಂಗು ಎಟುಕುವುದಿಲ್ಲ, ನಿಂತು ಏನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಮೂರು ದಿನ ಕಳೆದೆ.

ಗುರುವಾರ ಮಾರುಕಟ್ಟೆಯ ಸಿಗ್ನಲ್ಲಿನಲ್ಲಿ ಹಸಿರು ಬಿತ್ತು. ಬಸ್ಸು ಹೊರಡಲಿಲ್ಲ. ಹಿಂದಿನವರು ಹಾರನ್ ಹೊಡೆದರು. ಕನ್ನಡಿಯಲ್ಲಿ ನೋಡಿದರೆ ಅದೇ ತುಟಿ, ಅದೇ ಬೆರಳು, ಅದೇ ಗುಂಡಿ. ಭುಜ ಹಿಡಿದು ಅಲುಗಾಡಿಸಿ, ಹಸಿರು ಅಂದೆ. ಒಂದು ಕ್ಷಣ ಬಿಟ್ಟು ಅವರು ಗೇರು ಹಾಕಿದರು. ನಮ್ಮಿಬ್ಬರ ಕಣ್ಣು ಕನ್ನಡಿಯಲ್ಲಿ ಸೇರಿತು, ಅವರೇ ಮೊದಲು ದೃಷ್ಟಿ ತೆಗೆದರು. ಹತ್ತು ಹೆಜ್ಜೆ ಮುಂದೆ, ಬಸ್ಸು ಓಡುತ್ತಿರುವಾಗ ಆಗಿದ್ದರೆ? ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅವತ್ತು ಸಂಜೆ ಒಗೆಯಲು ಅವರ ಖಾಕಿ ಅಂಗಿ ತೆಗೆದುಕೊಂಡಾಗ ಜೇಬಿನಲ್ಲಿ ಡಿಪೋದ ಟ್ರಿಪ್ ಶೀಟಿನ ಚೂರು ಸಿಕ್ಕಿತು. ಹಿಂಬದಿಯಲ್ಲಿ ಅವರ ಗುಂಡನೆಯ ಅಕ್ಷರ. 1, ಇಲ್ಲ. 2, ಇಲ್ಲ. 3, ಇಲ್ಲ. 4, ಒಂದು. 5, ಒಂದು. 6, ಇಲ್ಲ. 7, ಎರಡು. ಕೆಳಗೆ ಒಂದು ಗೀಟು ಎಳೆದು ಬಸ್ಸು ಎಂದು ಬರೆದಿತ್ತು. ಅದರ ಮುಂದೆ ಇಲ್ಲ, ಇಲ್ಲ, ಇಲ್ಲ ಎಂದು ದಿನದಿನವೂ ಬರೆದು, ಕೊನೆಗೆ ಗುರುವಾರ, ಸಿಗ್ನಲ್, ಒಂದು. ಅವರಿಗೆ ಗೊತ್ತಿತ್ತು, ಮಗಳೇ. ತಾನಿಲ್ಲದ ಹೊತ್ತನ್ನು, ಎಚ್ಚರವಾದಾಗ ಕಾರು ಎಲ್ಲಿ ಬಿದ್ದಿದೆ ಎಂದು ನೋಡಿ ಲೆಕ್ಕ ಹಿಡಿದಿದ್ದರು. ಯಾರೂ ಸಾಯದ ಜಾಗದಲ್ಲಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ದಾರ ಸಿಕ್ಕಾಗ ಅಷ್ಟು ಖುಷಿಪಟ್ಟದ್ದು ಅದಕ್ಕೇ. ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಭಯವನ್ನು ಬೇರೆಬೇರೆ ಬಚ್ಚಿಟ್ಟುಕೊಂಡು ಕೂತಿದ್ದೆವು.

ಶುಕ್ರವಾರ ಬೆಳಗ್ಗೆ ಅವರ ಜೊತೆಯೇ ಡಿಪೋಗೆ ಹೋದೆ. ಎಂದಿನಂತೆ ಬಸ್ಸು ಹತ್ತುತ್ತೇನೆ ಎಂದುಕೊಂಡು ಅವರು ಶೆಡ್ಡಿನ ಕಡೆ ನಡೆದರು, ನಾನು ಮ್ಯಾನೇಜರ ಕೋಣೆಗೆ ತಿರುಗಿದೆ. ಫೋನಿನಲ್ಲಿ ರೆಕಾರ್ಡಿಂಗ್ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ, "ಆಟ ನೋಡ್ಕೊಂಡು ಡ್ರೈವರ್‌ನ ಇಳ್ಸಕ್ಕಾಗುತ್ತೇನಮ್ಮ? ಇಪ್ಪತ್ತೆಂಟು ವರ್ಷದಲ್ಲಿ ಒಂದು ಆಕ್ಸಿಡೆಂಟ್ ಇಲ್ಲ ಆತನ್ದು" ಎಂದರು. ಆಗ ಆ ಚೀಟಿಯನ್ನು ಮೇಜಿನ ಮೇಲಿಟ್ಟೆ. ಗಂಡನ ಅಕ್ಷರವನ್ನೇ ಗಂಡನ ಮೇಲೆ ಸಾಕ್ಷಿ ಮಾಡಿದೆ. ಓದಿ ಮುಗಿಸುವ ಮೊದಲೇ ಮ್ಯಾನೇಜರು ಎದ್ದು ಕಿಟಕಿಯಿಂದ ಕೂಗಿದರು, ಬಸ್ಸು ಆಗಲೇ ಗೇಟಿನವರೆಗೆ ಬಂದಿತ್ತು. ಅಪ್ಪ ಇಳಿದು, ಬಾಗಿಲು ಎಳೆದು, ಕೀಲಿಯನ್ನು ಅಂಗಿಯ ತುದಿಯಿಂದ ಒರೆಸಿ ಕೊಟ್ಟರು. ಮನೆಗೆ ಬಂದ ಮೇಲೆ ಒಂದೇ ಮಾತು ಕೇಳಿದರು, "ಚೀಟಿ ನೀನು ತಗೊಂಡ್ಯಾ?" ಹೂಂ ಅಂದೆ.

ಮೊನ್ನೆ ಭಾನುವಾರ ಕೊನೆಯ ಸುತ್ತು. ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆ. ಮೂರು ಗಂಟೆಗೆ ಬಂದು ಕೂತು, "ಸ್ಟೂಲು ಕಿಟಕಿ ಹತ್ರ ಹಾಕ್ಕೊ. ಪರದೆ ನೋಡಬೇಡ, ನನ್ನ ನೋಡು" ಎಂದರು. ನಲವತ್ತು ನಿಮಿಷ ನಾನು ರೆಪ್ಪೆ ಮಿಟುಕಿಸದೆ ಆ ಮುಖ ನೋಡಿದೆ. ಮದುವೆಯಾದಾಗಲೂ ಅಷ್ಟು ನೋಡಿರಲಿಲ್ಲ. ಒಂದು ಸಲವೂ ಆಗಲಿಲ್ಲ. ಹದಿನಾಲ್ಕನೆಯ ಸ್ಥಾನ ಬಂತು, ಒಟ್ಟು ಚಾಂಪಿಯನ್‌ಶಿಪ್ಪಿನಲ್ಲಿ ಒಂಬತ್ತನೆಯದು. ಹೆಡ್‌ಫೋನು ತೆಗೆದಿಟ್ಟು, "ನೋಡ್ದ್ಯಾ, ಇವತ್ತು ಒಂದೂ ಇಲ್ಲ" ಎಂದರು. ಆಮೇಲೆ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅತ್ತರು. ಇವತ್ತು ಇಲ್ಲ ಎಂದರೆ ನಾಳೆ ಇಲ್ಲ ಎಂದಲ್ಲ, ಅದು ಅವರಿಗೂ ಗೊತ್ತು. ಹಲ್ಲಿನ ಡಾಕ್ಟರಿಗೆ ನಿಜ ಹೇಳಿದ್ದೇನೆ, ಅವರೇ ತಮ್ಮ ಪರಿಚಯದ ತಲೆಯ ಡಾಕ್ಟರ ಹತ್ತಿರ ಗುರುವಾರಕ್ಕೆ ಸಮಯ ಗೊತ್ತುಮಾಡಿದ್ದಾರೆ. ಕಣ್ಣು ತೆರೆದಿದ್ದಂತೆಯೇ ಎಚ್ಚರ ತಪ್ಪುವ ಒಂದು ಬಗೆಯ ಮೂರ್ಛೆ ಇರಬಹುದಂತೆ, ಮಾತ್ರೆಯಿಂದ ಹಿಡಿತಕ್ಕೆ ಬರುವುದೇ ಹೆಚ್ಚಂತೆ, ಹೆದರಬೇಡಿ ಅಂದರು. ಇಂಥದ್ದು ಕೆಲವು ಮನೆಗಳಲ್ಲಿ ರಕ್ತದಲ್ಲೇ ಬರುವುದೂ ಉಂಟಂತೆ.

ಮುಂದಿನ ಸಲ ಫೋನು ಮಾಡಿದಾಗ ಅಪ್ಪನ ಹತ್ತಿರ ರೇಸಿನ ಮಾತೇ ಆಡು, ಒಂಬತ್ತನೆಯ ಸ್ಥಾನಕ್ಕೆ ರೇಗಿಸು, ಅವರಾಗಿಯೇ ಹೇಳುವವರೆಗೆ ಬಸ್ಸಿನ ವಿಷಯ ಎತ್ತಬೇಡ. ನಿನಗೆ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ಕೈಗೆ ಮುಲಾಮು ಹಚ್ಚು.

ಸದಾ ನಿನ್ನ ದಾರಿ ನೋಡುವ
ಅಮ್ಮ

ತಾ.ಕ.: ನಿಮ್ಮ ಕಂಪನಿಯ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಂಟಿಸಿದ ಲಕೋಟೆ ಬಿಚ್ಚಿದೆ. ಇದನ್ನು ಬರೆಯಲಾರದೆ ಇಷ್ಟುದ್ದ ಅದೆಲ್ಲ ಬರೆದೆ. ನಿನ್ನೆ ಹೋದ ವರ್ಷದ ರೆಕಾರ್ಡಿಂಗ್ ಹುಡುಕಿ ತೆಗೆದೆ, ನಿನ್ನ ಐದನೆಯ ಸುತ್ತು. ಮೂರು ಸಲ ನೋಡಿದೆ. ನಿನ್ನ ಕಾರು ಮಿನುಗಲಿಲ್ಲ, ಜಿಗಿಯಲಿಲ್ಲ, ಮಾಯವಾಗಲೂ ಇಲ್ಲ. ನೀಲಿ ಗೆರೆ ಮೂರು ಸೆಕೆಂಡು ಸ್ಕೇಲು ಇಟ್ಟ ಹಾಗಿದೆ. ಕೈ ಸುಟ್ಟಿದ್ದು ಗೊತ್ತೇ ಆಗಲಿಲ್ಲ ಅಂದೆಯಲ್ಲ. ಓಡುವ ಯಂತ್ರದ ಹತ್ತಿರ ಒಬ್ಬಳೇ ಹೋಗಬೇಡ, ಏಣಿ ಹತ್ತಬೇಡ, ಬಂದರಿನಲ್ಲಿ ಇಳಿದ ಕೂಡಲೇ ಡಾಕ್ಟರಿಗೆ ತೋರಿಸು. ಹಡಗಿನವರಿಗೆ ನೀನೇ ಹೇಳಿಕೊ ಎಂದು ಈ ಕಾಗದದಲ್ಲಿ ಬರೆದು ಸುಮ್ಮನಾಗೋಣ ಎಂದುಕೊಂಡು ಬಂದಿದ್ದೆ. ಆದರೆ ಕಾಗದ ಮುಟ್ಟುವುದಕ್ಕೆ ಆರು ದಿನ ಬೇಕಂತೆ. ಅಪ್ಪನ ವಿಷಯದಲ್ಲಿ ನಾಲ್ಕು ದಿನ ಸುಮ್ಮನಿದ್ದವಳು ನಾನು, ಇನ್ನೊಂದು ಸಲ ನನ್ನಿಂದಾಗದು. ಕೌಂಟರಿನ ಹೆಂಗಸು ಸಹಿಗೆ ಕರೆಯುತ್ತಿದ್ದಾಳೆ. ಅವಳಿಗೆ ಎಲ್ಲ ಹೇಳುತ್ತೇನೆ, ಹಡಗಿನ ಕ್ಯಾಪ್ಟನ್ನಿಗೆ ಇವತ್ತೇ ಸುದ್ದಿ ಕಳಿಸು ಎನ್ನುತ್ತೇನೆ. ಇದು ನಿನ್ನ ಕೈಸೇರುವ ಹೊತ್ತಿಗೆ ನಿನ್ನನ್ನು ಎಂಜಿನ್ ಕೋಣೆಯಿಂದ ಮೇಲೆ ಕರೆಸಿರುತ್ತಾರೆ, ನನ್ನ ಮೇಲೆ ಸಿಟ್ಟೂ ಬಂದಿರುತ್ತದೆ. ಬೈಯುವುದಿದ್ದರೆ ಬೈ, ಆದರೆ ಫೋನು ಮಾಡಿ ಬೈ, ನಿನ್ನ ದನಿ ಕೇಳಬೇಕು.